ಉತ್ತರನಿಗೆ ಅಠಾಣ

‘ಊಟ ಆಯ್ತಾ?’ ಎನ್ನುವಾಗ ಪ್ರಶ್ನೆ ಇರುವುದು ಕೊನೆಯ ಆಕಾರದಲ್ಲಿ. ಕೇಳುವ ಕೆಲಸವನ್ನು ಅಕ್ಷರವೇ ಮುಗಿಸಿಬಿಡುವುದರಿಂದ ನಮ್ಮ ದನಿಗೆ ಬೇಕಾದಷ್ಟು ಬಿಡುವು. ಆ ಬಿಡುವಿನಲ್ಲಿ ಅದು ಮಾಡುವ ಕಿತಾಪತಿ ಒಂದೆರಡಲ್ಲ. ಮಟಮಟ ಮಧ್ಯಾಹ್ನ ಬಂದ ನೆಂಟರನ್ನು ಹೀಗೆ ಕೇಳುವಾಗ ಸ್ವರ ಮೇಲೇರಿ ಅಲ್ಲೇ ಕಾದು ನಿಂತರೆ ಎಲೆ ಹಾಕುತ್ತಾರೆಂದು ಅರ್ಥ. ‘ಆಯ್ತು’ ಎಂಬ ಉತ್ತರವನ್ನೂ ತಾನೇ ಹೇಳಿಕೊಟ್ಟಂತೆ ಕೆಳಗಿಳಿದರೆ ಮಜ್ಜಿಗೆ ಕುಡಿದು ಹೊರಡಬಹುದು. ಇನ್ನು, ರಾತ್ರಿ ತಡವಾಗಿ ಬಂದ ಗಂಡನ ಕಿವಿಗೆ ಬೀಳುವ ‘ಊಟ ಆಯ್ತಾ’ವನ್ನು ಬರೆದಿಡುವ ಸ್ವರಲಿಪಿ ಇನ್ನೂ ಹುಟ್ಟಿಲ್ಲ.

ಮಾತಿನೊಳಗಿನ ಈ ರಾಗದ ಮರ್ಮ ತಿಳಿದವರು, ಕಾವ್ಯವನ್ನು ರಾಗವಾಗಿ ವಾಚಿಸುವ ನಮ್ಮ ಗಮಕಿಗಳು. ಕಛೇರಿಯಲ್ಲಿ ರಾಗವೇ ಯಜಮಾನ. ಒಂದೇ ಸಾಲನ್ನು ತಿರುತಿರುಗಿ ಹಾಡಿ, ಕಡೆಗೆ ಶಬ್ದ ಕರಗಿ ಸ್ವರವಷ್ಟೇ ಉಳಿದರೂ ಯಾರೂ ದೂರುವುದಿಲ್ಲ. ಗಮಕದಲ್ಲಿ ಅದು ನಡೆಯದು. ತಾಳ ಹಾಕುವಂತಿಲ್ಲ, ಮಾತು ಮಸುಕಾಗುವಂತಿಲ್ಲ. ಅರ್ಥ ಬಿಡಿಸಲು ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂತಿರುತ್ತಾರೆ ನಿಜ, ಆದರೆ ಅವರು ಬಾಯಿ ತೆರೆಯುವ ಮೊದಲೇ ಅರ್ಧ ಅರ್ಥ ಸಭಿಕರನ್ನು ಮುಟ್ಟಿರಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ 3–4 ಮಾತ್ರೆಗಳ ತನ್ನದೇ ನಡೆಯಿದೆ. ಅವನ ಶಬ್ದಗಳೋ ಗಣವನ್ನೂ ಸಾಲನ್ನೂ ದಾಟಿಕೊಂಡು ಹೋಗುತ್ತವೆ. ನಡೆಗೆ ಮರುಳಾಗಿ ಸಾಲಿನ ಕೊನೆಗೆಲ್ಲ ಉಸಿರು ಬಿಟ್ಟರೆ ಶಬ್ದ ಎರಡು ಹೋಳಾಗುತ್ತದೆ. ಎಲ್ಲಿ ಅರ್ಥ ನಿಲ್ಲುತ್ತದೋ ಅಲ್ಲಿಯೇ ರಾಗವೂ ನಿಲ್ಲಬೇಕು. ಶಿವಮೊಗ್ಗದ ಹತ್ತಿರ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಈ ವಿದ್ಯೆ ಮನೆಮಾತು, ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಗಮಕಿಯನ್ನು ಅಳೆಯಲು ನಾನು ಕಾಯುವುದು ವಿರಾಟಪರ್ವದ ಉತ್ತರಕುಮಾರನಿಗೆ. ಹೆಂಗಸರ ನಡುವೆ ಕೂತು ಕೌರವರನ್ನೆಲ್ಲ ಬಾಯಲ್ಲೇ ಬಡಿದು ಹಾಕುವ ಆ ಜಾಗದಲ್ಲಿ ಕೆಲವರು ದನಿ ಕೊಂಕಿಸಿ, ಎಳೆದಾಡಿ, ಸಭೆಯನ್ನು ನಗಿಸಲು ನೋಡುತ್ತಾರೆ. ನನಗೆ ಅದು ಹಿಡಿಸದು. ತಾನು ವೀರನೆಂಬುದರಲ್ಲಿ ಉತ್ತರನಿಗೆ ಎಳ್ಳಷ್ಟೂ ಸಂಶಯವಿಲ್ಲವಲ್ಲ! ಭೀಮನಿಗೆ ಕೊಡುವಷ್ಟೇ ಗತ್ತಿನಿಂದ ಅವನಿಗೂ ಅಪ್ಪಟ ಅಠಾಣ ರಾಗವನ್ನೇ ಕೊಡಬೇಕು. ನಗುವುದು ಕೇಳುವವರ ಪಾಲಿನ ಕೆಲಸ. ಅದನ್ನೂ ಗಮಕಿಯೇ ಮಾಡಿಬಿಟ್ಟರೆ ನಾವೇಕೆ ಅಲ್ಲಿಯವರೆಗೆ ಹೋಗಿ ಕೂರಬೇಕು? ಕೌರವ ಸೇನೆ ಕಣ್ಣಿಗೆ ಬಿದ್ದ ಮೇಲೆ ರಾಗ ಬದಲಿಸಲು ಬೇಕಾದಷ್ಟು ಅವಕಾಶವಿದೆ. ರಥದಿಂದ ಧುಮುಕಿ ಓಡುವವನಿಗೆ ಯಾವ ರಾಗ ಒಪ್ಪುತ್ತದೆಂದು ಗಮಕಿಯೂ ವ್ಯಾಖ್ಯಾನಕಾರರೂ ಜಗಳವಾಡಿ ತೀರ್ಮಾನಿಸಿಕೊಳ್ಳಲಿ.