ಮಾಳಿಗೆ ಮನೆಯ ಮಾತುಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕೆಡವಿ ನೋಡು ಎನ್ನಲಿಲ್ಲ. ಆ ಕಷ್ಟ ನಮ್ಮ ಪಾಲಿಗೆ ಉಳಿದಿದೆ. ಗುಮ್ಮಘಟ್ಟದಲ್ಲಿರುವ ನಮ್ಮ ಪೂರ್ವಿಕರ ಒಂಬತ್ತಂಕಣದ ಮಾಳಿಗೆ ಮನೆಯನ್ನು ಬರುವ ಬೇಸಗೆಯಲ್ಲಿ ಇಳಿಸಬೇಕೆಂದು ಸೋದರರೆಲ್ಲ ಕೂಡಿ ನಿಶ್ಚಯಿಸಿದ್ದೇವೆ.

ಮಳೆ ಕಡಿಮೆ, ಬಿಸಿಲು ಹೆಚ್ಚು ಎಂಬ ನೆಲದ ಗುಣವನ್ನರಿತು ಹುಟ್ಟಿದ್ದು ನಮ್ಮ ಸೀಮೆಯ ಮಾಳಿಗೆ ಮನೆ. ತೆಲುಗು ಬಂಧುಗಳು ಇದನ್ನೇ ಮಿದ್ದೆ ಎನ್ನುತ್ತಾರೆ. ಕಲ್ಲುಮಣ್ಣಿನ ದಪ್ಪ ಗೋಡೆ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳೆಗೆ ಒದಗದ ಆ ಮಣ್ಣು ನೀರನ್ನು ಕೆಳಗಿಳಿಯಗೊಡದು. ನಡುವೆ ಬೆಳಕಿಂಡಿ: ಹೊಗೆ ಹೊರಹೋಗಲು, ಬೆಳಕು ಒಳಬರಲು ಒಂದೇ ದಾರಿ.

ಇಂಗ್ಲೆಂಡಿನಲ್ಲಿ ಬೆಳಕಿಗೂ ಸುಂಕವಿತ್ತು. 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ವಿಧಿಸುತ್ತಿದ್ದರು. ಹಲವರು ಕಿಟಕಿಗಳಿಗೆ ಇಟ್ಟಿಗೆ ಜೋಡಿಸಿ ಮುಚ್ಚಿಸಿದರು. ಆ ಕಾಲದಲ್ಲಿಯೇ, 1767ರಲ್ಲಿ, ಬಾತ್ ನಗರದಲ್ಲಿ ರಾಯಲ್ ಕ್ರೆಸೆಂಟ್ ಎಂಬ 30 ಮನೆಗಳ ಅರ್ಧಚಂದ್ರಾಕಾರದ ಸಾಲು ಆರಂಭವಾಯಿತು. ಜಾರ್ಜ್ ಹೆಸರಿನ ಅರಸರ ಕಾಲದವಾದ್ದರಿಂದ ಅಂಥವನ್ನು ಜಾರ್ಜಿಯನ್ ಮನೆಗಳೆನ್ನುವರು. ಇಂದು ಅವಕ್ಕೆ ಕಾನೂನಿನ ಕಾವಲಿದೆ. ಮೊದಲನೆಯ ಮನೆಯೇ ವಸ್ತುಸಂಗ್ರಹಾಲಯ.

ಅವು ಸಿರಿವಂತರ ಕಲ್ಲಿನ ಮನೆಗಳು. ನಮ್ಮದು ಮಳೆಗಾಲಕ್ಕೆ ಮುನ್ನ ಹೊಸ ಚೌಳು ಬೇಡುವ ಮನೆ. ಚೌಳು ಹೊರುವ ಕೈಗಳು ಬಳ್ಳಾರಿ, ಬೆಂಗಳೂರು ಸೇರಿವೆ. ಸೋರುವ ಸೂರಿನಡಿ ಬಾಳಿರೆಂದು ಮಕ್ಕಳಿಗೆ ಹೇಳುವ ಅಧಿಕಾರ ನಮಗಿಲ್ಲ.

ಆದರೂ ಮನಸ್ಸು ಒಂದೆಡೆ ನಿಲ್ಲುತ್ತದೆ. 1953ರಲ್ಲಿ ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಸೇರಿತು. ಜಿಲ್ಲೆ ಬದಲಾಯಿತು, ಮನೆಯೊಳಗಿನ ಕನ್ನಡ ಬದಲಾಗಲಿಲ್ಲ. ಬೋದಿಗೆ, ಜಂತೆ, ಬೆಳಕಿಂಡಿ, ಅಂಕಣ ಎಂಬ ನುಡಿಗಳನ್ನು ನಾವು ಯಾವ ಪಠ್ಯದಿಂದಲೂ ಕಲಿಯಲಿಲ್ಲ. ಚಾಪೆಯ ಮೇಲೆ ಮಲಗಿ, ಮೇಲೆ ನೋಡಿ ಕಲಿತೆವು. ಸಿಮೆಂಟಿನ ಸೂರಿನಡಿ ಮಲಗುವ ಮೊಮ್ಮಗು ಮೇಲೆ ನೋಡಿದರೆ ಅಲ್ಲಿ ಓದಲು ಏನಿದೆ?

ಆದ್ದರಿಂದ ಒಂದು ಕೆಲಸ ಹಿಡಿದಿದ್ದೇವೆ. ಮೊಮ್ಮಕ್ಕಳ ಕೈಗೆ ಅಳತೆಪಟ್ಟಿ ಕೊಟ್ಟು ಅಂಕಣ ಅಂಕಣವನ್ನೂ ಅಳೆಯಿಸಿ, ಪ್ರತಿಯೊಂದು ಭಾಗವನ್ನೂ ಮುಟ್ಟಿಸಿ, ಹೆಸರು ಹೇಳಿಸಿ, ನಕ್ಷೆಯಲ್ಲಿ ಬರೆಯಿಸುತ್ತಿದ್ದೇವೆ. ಮನೆ ಇಳಿಸಲಿರುವ ಸಂಘದ ಬಂಧುಗಳೂ ಹೀಗೆ ಮಾಡಬೇಕೆಂದು ನಮ್ಮ ವಿನಂತಿ. ತೊಲೆಗಳನ್ನು ಕೊಳ್ಳಲು ವ್ಯಾಪಾರಿಗಳು ಬಂದಾರು. ಹೆಸರುಗಳನ್ನು ಕೊಳ್ಳಲು ಯಾರೂ ಬಾರರು. ಅವನ್ನು ನಾವೇ ಇಟ್ಟುಕೊಳ್ಳಬೇಕು.