ಅವ್ವನ ಪದವನ್ನು ಆಸ್ಪತ್ರೆಗೆ ತರಬೇಡ

ತುಮಕೂರು
ಭಾನುವಾರ ರಾತ್ರಿ

ಅಕ್ಕಾ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ಸೂಜಿ ಹಾಕಿದ ಮೇಲೆ ಅಷ್ಟೊತ್ತು ಸುಮ್ನೆ ಹೆಂಗೆ ಕೂರೋದೇ?" ಪಕ್ಕದಲ್ಲಿ ಭಾವ ಇದ್ದದ್ದು ಗೊತ್ತಾಗಿ, ಟಿ.ವಿ. ಇರುತ್ತೆ, ಹೊತ್ತು ಹೋಗುತ್ತೆ ಅಂತ ಏನೋ ಹೇಳಿ ಇಟ್ಟುಬಿಟ್ಟೆ. ರಾತ್ರಿಯೆಲ್ಲ ಅದೇ ಕೊರೆಯಿತು. ಮೂರು ವರ್ಷದ ಹಿಂದೆ ಅಂಥದೇ ಕುರ್ಚಿಯಲ್ಲಿ ಕೂತವಳು ನಾನು. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಡಾಕ್ಟರು ಬರೆದುಕೊಟ್ಟ ಚೀಟಿ ವಾಟ್ಸಾಪಿನಲ್ಲಿ ನೋಡಿದೆ. ನನಗೆ ಕೊಟ್ಟದ್ದೇ ನಿನಗೂ. ಮೂರು ವಾರಕ್ಕೊಮ್ಮೆಯಂತೆ 4 ಸಲ ಕೆಂಪು ಔಷಧಿ, ಆಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್, ಕೊನೆಗೆ ನಮ್ಮೂರಿನವರು "ಕರೆಂಟು ಕೊಡೋದು" ಅನ್ನುವ ರೇಡಿಯೇಶನ್. ವಾಂತಿಗೆ, ಕೂದಲಿಗೆ, ಬಾಯಿಹುಣ್ಣಿಗೆ ಏನು ಮಾಡಬೇಕೆಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹಾಡಿನ ವಿಷಯ ಬರೆಯುತ್ತೇನೆ.

ಮೊದಲು ನಾನು ಮಾಡಿದ ತಪ್ಪು. ಮೊದಲ ಕಿಮೋ ದಿನ ಧೈರ್ಯಕ್ಕಿರಲಿ ಅಂತ ನನ್ನ ಪ್ರಾಣದಂಥ ಹಾಡನ್ನೇ ಕಿವಿಗೆ ಹಾಕಿಕೊಂಡೆ. ರಾಜಕುಮಾರ್ ಹಾಡಿದ್ದು. ಯಾವುದು ಅಂತ ನಿನಗೆ ಗೊತ್ತು. ನನ್ನ ಮದುವೆಯ ಹಿಂದಿನ ರಾತ್ರಿ ಚಪ್ಪರದ ಕೆಳಗೆ ಇಬ್ಬರೂ ಗುನುಗುತ್ತಾ ಕೂತಿದ್ದೆವಲ್ಲ, ಅದು. ಔಷಧಿ ಕೆಂಪಗೆ ನಳಿಕೆಯಲ್ಲಿ ಇಳಿಯುತ್ತಿತ್ತು, ಹಾಡು ಸುತ್ತಿ ಸುತ್ತಿ ಬರುತ್ತಿತ್ತು. ಅವತ್ತು ರಾತ್ರಿ ಕರುಳು ಕಿತ್ತು ಬರುವ ಹಾಗೆ ವಾಂತಿ. ಎರಡನೇ ಸಲವೂ ಅದೇ ಹಾಡು, ಅಂಥದೇ ರಾತ್ರಿ. ಎಲ್ಲ ಮುಗಿದು ಆರು ತಿಂಗಳಾದ ಮೇಲೆ ಬಸ್ಸಿನಲ್ಲಿ ಡ್ರೈವರ್ ಅದನ್ನು ಹಾಕಿದ. ಪಲ್ಲವಿ ಮುಗಿಯುವಷ್ಟರಲ್ಲಿ ಬಾಯಿಗೆ ಆ ಕಬ್ಬಿಣದ ರುಚಿ ಬಂತು, ಹೊಟ್ಟೆ ತೊಳೆಸಿತು. ಗುಬ್ಬಿ ಹತ್ತಿರ ಇಳಿದು ರಸ್ತೆ ಪಕ್ಕ ಕೂತುಬಿಟ್ಟೆ. ಕೂದಲು ಮತ್ತೆ ಬಂತು ಅಕ್ಕ. ಆ ಹಾಡು ಇನ್ನೂ ಬಂದಿಲ್ಲ.

ನನ್ನ ಮನಸ್ಸೇ ಕೆಟ್ಟಿದೆ ಅಂದುಕೊಂಡಿದ್ದೆ. ಆಮೇಲೆ ಓದಿ ತಿಳಿಯಿತು. 1978ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಐಲೀನ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ, ಕಿಮೋಗೆ ಬಂದ ಮಕ್ಕಳಿಗೆ ಮೊದಲು ಒಂದು ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟರು. ಕೆಲವು ವಾರ ಬಿಟ್ಟು ಅದನ್ನೇ ಮುಂದಿಟ್ಟರೆ ಹೆಚ್ಚಿನ ಮಕ್ಕಳಿಗೆ ಅದು ಬೇಡವಾಗಿತ್ತು. ಸಂಕಟ ಬಂದದ್ದು ಔಷಧಿಯಿಂದ. ದೇಹ ಮಾತ್ರ ದೂರು ಹೊರಿಸಿದ್ದು ಐಸ್‌ಕ್ರೀಮಿನ ಮೇಲೆ, ನನ್ನ ದೇಹ ಹಾಡಿನ ಮೇಲೆ ಹೊರಿಸಿದ ಹಾಗೆ. ಆಮೇಲೆ ಅವರ ತಂಡದವರು ಇನ್ನೊಂದು ಉಪಾಯ ಮಾಡಿದರು. ಊಟಕ್ಕೂ ಕಿಮೋಗೂ ನಡುವೆ ಘಾಟು ರುಚಿಯ ಮಿಠಾಯಿಯೊಂದನ್ನು ಚೀಪಲು ಕೊಟ್ಟರು. ದೂರಿನ ಪಾಲನ್ನು ಮಿಠಾಯಿ ಹೊತ್ತುಕೊಂಡಿತು, ಊಟ ಬಹುಮಟ್ಟಿಗೆ ಉಳಿಯಿತು. ಅದನ್ನು ಓದಿದಾಗ ನನಗೆ ನೆನಪಾದದ್ದು ಹೊಸ ಮನೆ ಕಟ್ಟುವಾಗ ಮುಂದೆ ಕಟ್ಟುವ ದೃಷ್ಟಿಬೊಂಬೆ. ಕಣ್ಣೆಲ್ಲ ಅದರ ಮೇಲೆ ಬೀಳಲಿ, ಮನೆಗೆ ಏನೂ ಆಗದಿರಲಿ ಅಂತ ತಾನೇ ಕಟ್ಟುವುದು?

ನೀನೂ ಒಂದು ದೃಷ್ಟಿಬೊಂಬೆ ಹಾಡು ಹುಡುಕಿಕೋ. ಕಿವಿಗೆ ಹಿತವಾಗಿರಬೇಕು, ಆದರೆ ಮುಂದೆ ಕಳೆದುಹೋದರೂ ಎದೆ ಉರಿಯಬಾರದು. ಮಾತಿಲ್ಲದ ಕೊಳಲು ವಾದನವೋ, ನಿನ್ನ ಮಗಳು ಕೇಳುವ ಹೊಸ ಸಿನಿಮಾ ಹಾಡೋ, ಯಾವುದಾದರೂ ಸರಿ. ಅವ್ವನ ಬೀಸುವ ಪದಗಳನ್ನು ಮಾತ್ರ ಆ ಕೋಣೆಗೆ ತರಬೇಡ. ಅವಕ್ಕೆ ಆ ವಾಸನೆ ತಗಲಬಾರದು. ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೋ. ಕೆಂಪು ಔಷಧಿ ಹೋಗುವಾಗ ಸೂಜಿ ಇರುವ ಜಾಗ ಉರಿದರೆ, ಊದಿದರೆ ಕೂಡಲೇ ಸಿಸ್ಟರನ್ನು ಕರೆಯಬೇಕು. ಅದು ನರದಿಂದಾಚೆ ಸೋರಿದರೆ ಚರ್ಮ ಸುಟ್ಟ ಹಾಗಾಗುತ್ತದೆ. ಅವರು ಕೇಳುವ ಮಾತು ನಿನಗೆ ಕೇಳಿಸುತ್ತಿರಬೇಕು.

ಮೂರನೇ ಸಲ ಹೋದಾಗ ಡೇ ಕೇರಿಗೆ ಒಬ್ಬ ಹುಡುಗಿ ಬಂದಳು. ಮ್ಯೂಸಿಕ್ ಥೆರಪಿಸ್ಟ್ ಅಂದರು. ಭಜನೆ ಮಾಡಿಸುತ್ತಾಳೇನೋ ಅಂದುಕೊಂಡೆ. ಅವಳು ಸ್ಟೂಲ್ ಎಳೆದುಕೊಂಡು ಕೂತು, "ನಿಮ್ಮನೇಲಿ ಯಾರು ಹಾಡ್ತಿದ್ರು?" ಅಂತ ಕೇಳಿದಳು. ಯಾವ ರಾಗ ಇಷ್ಟ ಅಂತಲ್ಲ, ಯಾರು ಹಾಡ್ತಿದ್ರು ಅಂತ. ನನಗೆ ಗಂಟಲು ಕಟ್ಟಿತು. ಪಕ್ಕದ ಕುರ್ಚಿಯ ಅಜ್ಜಿ, "ನಂಗೆ ಏನೂ ಬ್ಯಾಡ ಕಣವ್ವ, ಸುಮ್ನೆ ಕೂತ್ಕೊ" ಅಂದರು. ಹುಡುಗಿ ಹಾಗೇ ಕೂತಳು, ಕಾಲು ಗಂಟೆ. ಅವಳ ಮೇಲೆ ನನಗೆ ನಂಬಿಕೆ ಬಂದದ್ದೇ ಅದನ್ನು ನೋಡಿ.

ಆಮೇಲೆ ನನ್ನ ಹತ್ತಿರ ಬಂದು ಶ್ರುತಿಪೆಟ್ಟಿಗೆ ಸಣ್ಣಗೆ ಇಟ್ಟಳು. ಹೆದರಿಕೆಗೆ ನನ್ನ ಉಸಿರು ಓಡುತ್ತಿತ್ತು. ಅವಳ ಗುನುಗೂ ಅಷ್ಟೇ ವೇಗವಾಗಿ ಹೊರಟಿತು. ಸಮಾಧಾನ ಮಾಡಿಕೊಳ್ಳಿ ಅನ್ನಲಿಲ್ಲ, ಉದ್ದ ಉಸಿರು ತಗೊಳ್ಳಿ ಅನ್ನಲಿಲ್ಲ. ಗುನುಗು ಎಳೆಎಳೆಯಾಗಿ ಉದ್ದವಾಗುತ್ತಾ ಹೋಯಿತು, ನನ್ನ ಉಸಿರು ಅದರ ಹಿಂದೆಯೇ ಹೋಯಿತು. ಸಂಕಟದಲ್ಲಿರುವವರನ್ನು ಮೊದಲು ಅವರಿರುವ ಜಾಗದಲ್ಲೇ ಹಾಡಿನಿಂದ ಸೇರಿಕೊಂಡು, ಆಮೇಲೆ ನಿಧಾನಕ್ಕೆ ಕರೆದುಕೊಂಡು ಬರಬೇಕು. ಈ ಕ್ರಮಕ್ಕೆ ಹೆಸರಿಟ್ಟು ಬರೆದವರು ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್, 1940ರ ದಶಕದಲ್ಲಿ. ನಮ್ಮವ್ವನಿಗೆ ಅದು ಯಾರೂ ಹೇಳಿಕೊಡದೆ ಗೊತ್ತಿತ್ತಲ್ಲ! ಅಪ್ಪನ ಜೊತೆ ಜಗಳವಾದ ಬೆಳಗಿನ ಜಾವ ರಾಗಿ ಕಲ್ಲಿನ ಗೂಟ ಹಿಡಿದರೆ ಮೊದಲ ಪದ ಎಷ್ಟು ರಭಸ, ಎಷ್ಟು ಸಿಟ್ಟು. ಮೊರದ ರಾಗಿ ತೀರುವ ಹೊತ್ತಿಗೆ ದನಿ ತಗ್ಗಿ, ನಮಗೆ ಹೊದಿಕೆಯೊಳಗೆ ಮತ್ತೆ ನಿದ್ದೆ ಹತ್ತುತ್ತಿತ್ತು.

ಹಾಡಿನಿಂದ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ನಮ್ಮ ಬೀದಿಯವರೊಬ್ಬರು ಇಂಥ ರಾಗ ಇಷ್ಟು ದಿನ ಕೇಳಿದರೆ ಗಡ್ಡೆ ಕರಗುತ್ತೆ ಅಂತ ಪೆನ್‌ಡ್ರೈವ್ ತಂದುಕೊಟ್ಟಿದ್ದರು. ಯಾವ ರಾಗಕ್ಕೂ ಗಡ್ಡೆ ಕರಗುವುದಿಲ್ಲ. ಅದು ಔಷಧಿಯ ಕೆಲಸ, ಚಾಕುವಿನ ಕೆಲಸ, ಕರೆಂಟಿನ ಕೆಲಸ. ಒಂದು ಸಲವೂ ತಪ್ಪಿಸಬೇಡ. ಹಾಡು ಮಾಡುವ ಕೆಲಸ ಬೇರೆ. 2021ರಲ್ಲಿ ಯೋಕೆ ಬ್ರಾಟ್ ಮತ್ತು ಸಂಗಡಿಗರು 81 ಅಧ್ಯಯನಗಳನ್ನು, ಅವುಗಳಲ್ಲಿದ್ದ 5,576 ರೋಗಿಗಳನ್ನು ಒಟ್ಟಿಗೆ ಸೇರಿಸಿ ನೋಡಿದ್ದಾರೆ. ದೊಡ್ಡವರಲ್ಲಿ ಆತಂಕ, ಖಿನ್ನತೆ, ನೋವು, ಸುಸ್ತು ಕಡಿಮೆಯಾಗಬಹುದು, ಭರವಸೆ ಹೆಚ್ಚಬಹುದು ಅನ್ನುತ್ತಾರೆ. "ಬಹುದು" ಅಂತಲೇ ಅನ್ನುತ್ತಾರೆ. ಮಾತ್ರೆಯಾದರೆ ಒಬ್ಬರಿಗೆ ನಿಜವಾದದ್ದು, ಇನ್ನೊಬ್ಬರಿಗೆ ಸಕ್ಕರೆಯದು ಕೊಟ್ಟು ಗುಟ್ಟಾಗಿ ಪರೀಕ್ಷಿಸಬಹುದು. ಹಾಡು ಕೇಳುತ್ತಿರುವವರಿಗೆ ತಾವು ಕೇಳುತ್ತಿರುವುದು ಗೊತ್ತೇ ಇರುತ್ತದಲ್ಲ. ಹಾಗಾಗಿ ಗಟ್ಟಿಯಾಗಿ ಹೇಳುವುದು ಕಷ್ಟ. ಅವರು ಹುಷಾರಾಗಿ ಮಾತಾಡಿದ್ದಾರೆ ಎಂಬ ಕಾರಣಕ್ಕೇ ನನಗೆ ಆ ಮಾತು ನಂಬಬೇಕೆನಿಸುತ್ತದೆ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಟೆನೋವಸ್ ಎಂಬ ಕ್ಯಾನ್ಸರ್ ಸೇವಾಸಂಸ್ಥೆ ಹಾಡುವ ಕೂಟಗಳನ್ನು ಕಟ್ಟಿತು. ಅಲ್ಲಿ ರೋಗಿಗಳು ಮಾತ್ರವಲ್ಲ, ರೋಗಿಗಳನ್ನು ನೋಡಿಕೊಳ್ಳುವವರು, ತಮ್ಮವರನ್ನು ಕಳೆದುಕೊಂಡವರು ಎಲ್ಲರೂ ಸೇರಿ ಹಾಡುತ್ತಿದ್ದರು. 2016ರಲ್ಲಿ ಅಂಥ 193 ಜನರನ್ನು ಹಾಡುವ ಮುಂಚೆ, ಹಾಡಿದ ಮೇಲೆ ಪರೀಕ್ಷಿಸಿದಾಗ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎಲ್ಲ ಬಗೆಯವರಲ್ಲೂ ಇಳಿದಿತ್ತು. ನೋಡಿಕೊಳ್ಳುವವರಲ್ಲೂ ಅಕ್ಕ. ನಿನ್ನ ಮಗಳು ರಾತ್ರಿ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಾಳಂತೆ, ನನಗೆ ಹೇಳಿದಳು. ಅವಳನ್ನೂ ಪಕ್ಕದಲ್ಲಿ ಕೂರಿಸಿಕೋ.

ಬುಧವಾರ ಸಂಜೆ ಬಸ್ಸಿಗೆ ಬರುತ್ತೇನೆ. ಗುರುವಾರ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ನಾನಿರುತ್ತೇನೆ, ಅಲ್ಲಿಗೆ ಕೊಳಲು ಸಾಕು. ವಾಪಸ್ಸು ಬಂದ ಒಂದೆರಡು ದಿನ ನಿನಗೆ ಏನೂ ಬೇಡವೆನಿಸುತ್ತದೆ, ಮನೆಯಲ್ಲಿ ಯಾರ ದನಿಯೂ ಏಳದ ಹಾಗೆ ನೋಡಿಕೊಳ್ಳುತ್ತೇನೆ. ಹೊಟ್ಟೆ ಸಮಾಧಾನವಾಗಿ, ನೀನೇ ಎದ್ದು ಜಗಲಿಗೆ ಬಂದು ಕೂತ ದಿನ, ಅವತ್ತು ಅವ್ವನ ಪದ. ಅಟ್ಟದ ಮೇಲಿನ ಬೀಸುಕಲ್ಲನ್ನು ಇಳಿಸಿಡಲು ಭಾವನಿಗೆ ಹೇಳಿದ್ದೇನೆ. ನೀನು ಗೂಟ ಮುಟ್ಟಬೇಡ, ತಿರುಗಿಸುವುದು ನಾನು.

ಹೂಂ, ಇನ್ನೊಂದು. ಕಲ್ಲಿಗೆ ಕೈಮುಗಿದು ಶುರು ಮಾಡುತ್ತಿದ್ದಳಲ್ಲ ಅವ್ವ, ಆ ಮೊದಲ ಪದ, ಅದರ ಎರಡು ಸಾಲು ನನಗೆ ನೆನಪಿದೆ. ಮೂರನೆಯದು ಕಿಮೋ ಆದಾಗಿನಿಂದ ಎಷ್ಟು ತಡಕಿದರೂ ಸಿಗುತ್ತಿಲ್ಲ. ನಿನಗೆ ಬರುತ್ತದೆ ಅಂತ ಗೊತ್ತು. ಫೋನಿನಲ್ಲಿ ಹೇಳಬೇಡ, ಇಟ್ಟುಕೊಂಡಿರು.

ನಿನ್ನ
ಪುಟ್ಟಿ