ಫೋನಿನೊಳಗೆ ರೆಕಾರ್ಡರ್ ಸತ್ತ ಕಥೆ

ಗ್ರಾಮಸಭೆಯಲ್ಲಿ ಆ ಅಜ್ಜಿ ಎದ್ದು ನಿಂತಾಗ ನಮ್ಮ ಫೋನು ಮೇಜಿನ ಮೇಲೆ ರೆಕಾರ್ಡ್ ಆಗುತ್ತಿತ್ತು. ಏಳು ತಿಂಗಳಿಂದ ಪಿಂಚಣಿ ಬಂದಿಲ್ಲ, ಯಾಕೆ ಹೇಳಿ ಅಂದರು ಅಜ್ಜಿ. ಅಧಿಕಾರಿ ಪಟ್ಟಿ ನೋಡಿ, ‘ನೀವು ತೀರಿಹೋಗಿದ್ದೀರಿ ಅಂತ ಇದೆಯಲ್ಲಮ್ಮ ಇದರಲ್ಲಿ’ ಅಂದರು. ಜನ ನಕ್ಕರು. ಅಜ್ಜಿ ನಗಲಿಲ್ಲ.

ನಾವು ಫೋನ್ ಎತ್ತಿಕೊಂಡು ಅಜ್ಜಿಯ ಫೋಟೋ ಹೊಡೆದೆವು, ವಾಟ್ಸಾಪಿನಲ್ಲಿ ಡೆಸ್ಕಿಗೆ ಕಳಿಸಿದೆವು. ಮರುದಿನ ಆ ಅಧಿಕಾರಿ, ಹಾಗೆ ಹೇಳಿಯೇ ಇಲ್ಲ ಅಂದರು. ಡೆಸ್ಕಿನವರು ಆಡಿಯೋ ಕೇಳಿದರು. ಫೈಲೇನೋ ಇತ್ತು, 23 ಎಂಬಿ. ಒತ್ತಿದರೆ ಓಡಲಿಲ್ಲ. ಸುದ್ದಿ ನಾಲ್ಕು ಸಾಲಿಗೆ ಇಳಿಯಿತು, ಆ ಮಾತು ಹೋಯಿತು. ಊರಲ್ಲಿ ಕೆಲವರು ನಾವೇ ದುಡ್ಡು ತಿಂದು ಅಳಿಸಿದ್ದೇವೆ ಅಂತಲೂ ಅಂದರು.

ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಬೆಂಗಳೂರಲ್ಲಿ ಫೋನುಗಳ ಕರ್ನಲ್ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದಿದ್ದಾಗ ಫೋನು ಅವನ ಕೈಗೆ ಕೊಟ್ಟೆವು. ‘ಅಣ್ಣಾ, ಫೈಲ್ ಹಾಳಾಗಿಲ್ಲ. ಬರೆಯೋನನ್ನ ಅರ್ಧದಲ್ಲೇ ಕೊಂದಿದಾರೆ’ ಅಂದ.

ಅವನು ಹೇಳಿದ್ದನ್ನು ನಮಗೆ ತಿಳಿದ ಹಾಗೆ ಹೇಳುತ್ತೇವೆ. ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಕರ್ನಲ್ ಇದೆ. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಯುನಿಕ್ಸ್ ಮಾದರಿಯಲ್ಲಿ 1991ರಲ್ಲಿ ಶುರುಮಾಡಿದ್ದು ಅದು. ಕ್ಯಾಮೆರಾ, ವಾಟ್ಸಾಪ್, ರೆಕಾರ್ಡರ್ ಎಲ್ಲ ಕರ್ನಲ್‌ನ ಹೊರಗೆ ನಿಂತಿರುವವರು. ತಾಲ್ಲೂಕು ಕಚೇರಿಯ ಕೌಂಟರಿನ ಮುಂದೆ ನಾವು ನಿಂತ ಹಾಗೆ. ಅರ್ಜಿ ಕಿಟಕಿಯಲ್ಲಿ ಕೊಡಬಹುದು, ಒಳಗೆ ಕಾಲಿಡುವಂತಿಲ್ಲ.

ಒಳಗಿನವರಿಗೆ ಅವರದೇ ಕೆಲಸಗಳಿವೆ. ಪ್ರೋಗ್ರಾಂ ಬರೆಯುವವರು ಅವನ್ನು ಫಂಕ್ಷನ್ ಅನ್ನುತ್ತಾರೆ. ‘ಕಾಪಿ ಫ್ರಮ್ ಯೂಸರ್’ ಎಂಬುದು ಹೊರಗಿನವರು ಕೊಟ್ಟ ವಿಳಾಸ ಸರಿಯಿದೆಯಾ ನೋಡಿ, ಅಲ್ಲಿರುವುದನ್ನು ಒಳಗೆ ನಕಲು ಮಾಡಿಕೊಳ್ಳುತ್ತದೆ. ‘ಕೆ-ಮ್ಯಾಲಾಕ್’ ಕರ್ನಲ್‌ನ ಸ್ವಂತ ಬಳಕೆಗೆ ಮೆಮೊರಿ ಕೊಡುತ್ತದೆ, ‘ಕೆ-ಫ್ರೀ’ ವಾಪಸು ತೆಗೆದುಕೊಳ್ಳುತ್ತದೆ. ಕೇಳಿದಾಗ ಇಲ್ಲ ಅಂತಲೂ ಉತ್ತರ ಬರಬಹುದು. ಅದನ್ನು ನೋಡದೆ ಮುಂದೆ ಹೋದರೆ ಇಡೀ ಫೋನೇ ಬಿದ್ದುಹೋಗಬಹುದು, ಯಾಕೆಂದರೆ ಒಳಗಿನವರ ತಪ್ಪನ್ನು ತಡೆಯಲು ಮೇಲೆ ಇನ್ಯಾರೂ ಇಲ್ಲ.

ಇನ್ನು ಕೊಂದವರು ಯಾರು? ಕರ್ನಲ್ ತನ್ನಲ್ಲಿರುವುದಕ್ಕಿಂತ ಹೆಚ್ಚು ಮೆಮೊರಿ ಕೊಡುತ್ತೇನೆ ಅಂತ ಎಲ್ಲರಿಗೂ ಮಾತು ಕೊಟ್ಟಿರುತ್ತದೆ. ಮದುವೆಗೆ ಸಾವಿರ ಜನರನ್ನು ಕರೆದು ಆರುನೂರು ಎಲೆಗೆ ಅಡಿಗೆ ಮಾಡಿದ ಹಾಗೆ. ಸಾಮಾನ್ಯವಾಗಿ ನಡೆದುಹೋಗುತ್ತದೆ. ಎಲ್ಲರೂ ಒಟ್ಟಿಗೆ ಬಂದು ಕೂತ ದಿನ ಯಾರನ್ನಾದರೂ ಎಬ್ಬಿಸಲೇಬೇಕು. ಯಾರನ್ನು ಅಂತ ಆರಿಸುವ ಫಂಕ್ಷನ್‌ಗೆ ‘ಊಮ್ ಬ್ಯಾಡ್‌ನೆಸ್’ ಅಂತ ಹೆಸರು. ಹೆಚ್ಚು ಮೆಮೊರಿ ತಿಂದವರಿಗೆ ಹೆಚ್ಚು ಅಂಕ. ಮೈನಸ್ 1000ದಿಂದ 1000ದವರೆಗೆ ಒಂದು ತಿದ್ದುಪಡಿಯೂ ಉಂಟು. ಮೈನಸ್ 1000 ಇದ್ದವರನ್ನು ಮುಟ್ಟುವ ಹಾಗಿಲ್ಲ.

ಆಂಡ್ರಾಯ್ಡಿನವರು ಇಷ್ಟಕ್ಕೆ ಕಾಯುವುದಿಲ್ಲ. 2 ಜಿಬಿಯ ನಮ್ಮ ಹಳೇ ಫೋನಿನಲ್ಲಿ ಕರ್ನಲ್ ಒಳಗೇ ‘ಲೋ ಮೆಮೊರಿ ಕಿಲ್ಲರ್’ ಅಂತ ಒಂದು ಭಾಗ ಇತ್ತು. ಮೂಲ ಲಿನಕ್ಸ್‌ನಿಂದ ಅದನ್ನು 2017ರಲ್ಲಿ ತೆಗೆದುಹಾಕಿದರು. ಈಗಿನ ಫೋನುಗಳಲ್ಲಿ ಆ ಕೆಲಸ ಕರ್ನಲ್ ಹೊರಗಿನ ಎಲ್‌ಎಂಕೆಡಿ ಎಂಬ ಪ್ರೋಗ್ರಾಮಿನದು. ಲೆಕ್ಕ ಮಾತ್ರ ಹಳೆಯದೇ. ಕಣ್ಣೆದುರು ತೆರೆದಿರುವ ಆ್ಯಪ್‌ಗೆ 0, ಹಿಂದೆ ಸರಿದು ಮರೆತುಹೋದ ಆ್ಯಪ್‌ಗೆ 900ಕ್ಕೂ ಮೇಲೆ. ನಾವು ಕ್ಯಾಮೆರಾ ತೆರೆದು ವಾಟ್ಸಾಪಿಗೆ ಹೋದಾಗ ರೆಕಾರ್ಡರ್ ಹಿಂದಿನ ಸಾಲಿಗೆ ಬಿತ್ತು. ಅದಕ್ಕೆ ಕೊನೆಯ ಮಾತು ಹೇಳಲೂ ಬಿಡುವುದಿಲ್ಲ. ಬರುವುದು 9ನೇ ನಂಬರಿನ ಸಿಗ್ನಲ್, ಅದನ್ನು ತಡೆಯುವ ಹಾಗಿಲ್ಲ. ನಮ್ಮ ಆ್ಯಪು ದನಿಯನ್ನು ಬರೆಯುತ್ತ ಹೋಗಿ, ಯಾವ ತುಣುಕು ಎಲ್ಲಿದೆ ಎಂಬ ಪರಿವಿಡಿಯನ್ನು ಕೊನೆಗೆ ಸೇರಿಸುತ್ತಿತ್ತು. ಆ ಕೊನೆ ಬರಲೇ ಇಲ್ಲ.

ಹುಡುಗ ಅದನ್ನು ಮಾಡಿಯೂ ತೋರಿಸಿದ. ಅದೇ ರೆಕಾರ್ಡರ್, ಅದೇ ಕ್ಯಾಮೆರಾ, ವಾಟ್ಸಾಪ್. ಆಮೇಲೆ ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಿ ಕರ್ನಲ್‌ನ ಲಾಗ್ ತೆಗೆದ. ‘ಪ್ರಿಂಟ್-ಕೆ’ ಎಂಬ ಫಂಕ್ಷನ್ ಬರೆಯುವ ದಿನಚರಿ ಅದು. ಜಾಗ ತುಂಬಿದಂತೆ ಹಳೇ ಸಾಲು ಅಳಿಸಿ ಹೊಸದು ಬರೆಯುತ್ತದೆ, ಹಾಗಾಗಿ ಸಭೆಯ ದಿನದ್ದು ಸಿಗಲಿಲ್ಲ. ಆದರೆ ಈಗಿನದು ಸಿಕ್ಕಿತು. ಯಾರನ್ನು ಕೊಂದೆ, ಅವನ ಅಂಕ ಎಷ್ಟು, ಎಷ್ಟು ಕಿಲೋಬೈಟ್ ಬಿಡಿಸಿಕೊಂಡೆ, ಯಾರಿಗಾಗಿ, ಯಾವ ಮಿತಿ ಮೀರಿದ್ದಕ್ಕೆ, ಎಲ್ಲ ಇತ್ತು. ನಾವು ಎರಡು ಸಲ ಓದಿಸಿಕೊಂಡೆವು. ಡಿಪ್ಲೊಮಾದಲ್ಲಿ ವರದಿ ಹೀಗಿರಬೇಕು ಅಂತ ನಮಗೆ ಕಲಿಸಿದ್ದು ಇದನ್ನೇ.

ನಿಮಗೂ ಬೇಕಾಗಬಹುದು, ಹೇಳಿಬಿಡುತ್ತೇವೆ. ರೆಕಾರ್ಡ್ ಆಗುವಾಗ ಮೇಲಿನ ಪಟ್ಟಿಯಲ್ಲಿ ನೋಟಿಫಿಕೇಶನ್ ತೋರಿಸುತ್ತಲೇ ಇರುವ ಆ್ಯಪ್ ಇಟ್ಟುಕೊಳ್ಳಿ. ಅಂಥವನ್ನು ಅಷ್ಟು ಸುಲಭಕ್ಕೆ ಕೊಲ್ಲುವುದಿಲ್ಲ. ಮುಖ್ಯವಾದ ಮಾತು ನಡೆಯುವಾಗ ಅದೇ ಫೋನಲ್ಲಿ ಫೋಟೋ ಬೇಡ.

ಅದೇ ಆ್ಯಪಿನಲ್ಲಿ ಇನ್ನೊಂದು ಚೆನ್ನಾಗಿರುವ ರೆಕಾರ್ಡ್ ಮಾಡಿ, ಅದನ್ನು ಮಾದರಿಯಾಗಿಟ್ಟು ಹುಡುಗ ಹಳೇ ಫೈಲಿಗೆ ಪರಿವಿಡಿ ಕಟ್ಟಿದ. ರಾತ್ರಿ ಹನ್ನೊಂದಾಯಿತು. ಅಧಿಕಾರಿಯ ಮಾತು, ಜನರ ನಗು, ಎಲ್ಲ ಬಂತು. ಡೆಸ್ಕಿನವರು ಸುದ್ದಿ ಹಳೆಯದಾಯಿತು ಅಂದರು.

ಅಜ್ಜಿಗೆ ಕೇಳಿಸಿದೆವು. ‘ಇದನ್ನ ನಮ್ಮ ಮೊಮ್ಮಗನ ಫೋನಿಗೆ ಹಾಕಪ್ಪಾ’ ಅಂದರು. ಸೋಮವಾರ ಇಬ್ಬರೂ ತಾಲ್ಲೂಕು ಕಚೇರಿಗೆ ಹೋಗಿ ಕಿಟಕಿಯ ಮುಂದೆ ಜೋರಾಗಿ ಹಾಕಿದ್ದಾರೆ. ಅರ್ಜಿ ತೆಗೆದುಕೊಂಡು ಸ್ವೀಕೃತಿ ಚೀಟಿ ಕೊಟ್ಟರಂತೆ. ಹೆಸರು ಯಾರು ಕಡಿದರು, ಯಾವಾಗ ಅಂತ ಕೇಳಿದ್ದಕ್ಕೆ ಹದಿನೈದು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ನಾವೂ ಜೊತೆಗೆ ಹೋಗುತ್ತೇವೆ.